ಉಗಾರದ ಕೋಣೆಗೆ ಬಂದ ನಾಲ್ವರು ಹುಡುಗಿಯರು

ಬಸ್ಸಿನಿಂದ ಇಳಿದ ಕೂಡಲೇ ಮುದುಕನೊಬ್ಬ ನನ್ನನ್ನು ನೋಡಿ "ಬಾಯಾರ" ಎಂದ. ಬಾಯಾರಿದೆ ಎನ್ನುತ್ತಿದ್ದಾನೆಂದು ತಿಳಿದು ನೀರಿನ ಬಾಟಲಿ ಕೊಟ್ಟೆ. ಅವನು ನಗುತ್ತಾ ಕುಡಿದು, "ನಮ್ಮ ಸಾಲಿಗೆ ಬಂದ ಹೊಸಾ ಬಾಯಾರ ನೀವ ಏನ್ರಿ?" ಎಂದು ಕೇಳಿದ. ಈ ಸೀಮೆಯಲ್ಲಿ ಬಾಯಾರು ಎಂದರೆ ಶಿಕ್ಷಕಿ. ಕನ್ನಡ ಕಲಿಸಲು ಕೊಳ್ಳೇಗಾಲದಿಂದ ಬಂದಿದ್ದ ನನಗೆ ಇಲ್ಲಿಯ ಮೊದಲ ಕನ್ನಡ ಪದವೇ ಅರ್ಥವಾಗಿರಲಿಲ್ಲ.

ಶಾಲೆ ಮಹಾರಾಷ್ಟ್ರ ಗಡಿಯ ಮಂಗಸೂಳಿಯಿಂದ ಆಚೆ, ನನ್ನ ಬಾಡಿಗೆ ಕೋಣೆ ಉಗಾರ ಬುದ್ರುಕದಲ್ಲಿ. ನಾನು ಪಾಠ ಹೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಕಾಯ್ ಮ್ಹಣತಾತ?" ಎನ್ನುತ್ತಿದ್ದರು. ಏನು ಹೇಳ್ತಿದ್ದಾರೆ ಎಂದು ಅರ್ಥ. ಮನೆಯಲ್ಲಿ ಅವರದು ಮರಾಠಿ. ನಮ್ಮ ಕಡೆ ಸಂಜೆ ಬಾಗಿಲಲ್ಲಿ ನಿಂತರೆ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿಯ ಜನ ಒರಟರಲ್ಲ, "ಊಟ ಆತೇನ್ರಿ" ಎಂದು ಕೇಳುವವರೇ. ಆದರೆ ಆತು ಎಂದ ಮೇಲೆ ಮುಂದೆ ಮಾತಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಅದೂ ಇರುತ್ತಿರಲಿಲ್ಲ. ನನ್ನನ್ನು ಹೆಸರು ಹಿಡಿದು ಕರೆಯುವವರು ಇಡೀ ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಭಾನುವಾರಗಳಲ್ಲಿ ಹಾಸಿಗೆಯಿಂದ ಏಳುವುದನ್ನೇ ಬಿಟ್ಟೆ. ಒಂದು ಸಂಜೆ ಕೃಷ್ಣೆಯ ದಡದಲ್ಲಿ ತುಂಬಾ ಹೊತ್ತು ನಿಂತಿದ್ದೆ. ಯಾಕೆ ನಿಂತಿದ್ದೇನೆಂದು ಹೊಳೆದಾಗ ಹೆದರಿ ಓಡುವಂತೆ ಹಿಂದಿರುಗಿದೆ.

ಇಂಟರ್ನೆಟ್ ಅಗ್ಗವಾದ ಕಾಲ ಅದು. ಆ ಸಂಜೆಯೇ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಜಪಾನಿನ ಒಂದು ಅನಿಮೆ ಸಿಕ್ಕಿತು. ಕಾರ್ಟೂನು ಎಂದುಕೊಳ್ಳಿ. ಸಣ್ಣ ಊರು, ನಾಲ್ವರು ಹೈಸ್ಕೂಲು ಹುಡುಗಿಯರು. ಶಾಲೆ ಬಿಟ್ಟ ಮೇಲೆ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ, ಸುಟ್ಟ ಗೆಣಸು ಹಂಚಿಕೊಂಡು ತಿನ್ನುತ್ತಾರೆ. ಒಬ್ಬಳ ಕೈಚೀಲ ಕಳೆದರೆ ಒಂದು ಕಂತು ಪೂರ್ತಿ ಅದನ್ನೇ ಹುಡುಕುತ್ತಾರೆ. ಅಷ್ಟೇ. ವಿಲನ್ ಇಲ್ಲ, ಪ್ರೇಮವಿಲ್ಲ. ಅವರ ಭಾಷೆ ನನಗೆ ಬಾರದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳೇ ಗತಿ. ಆದರೂ ನಾನು ಅವರ ಜೊತೆ ಬದುಕತೊಡಗಿದೆ. ಮೊದಲು ಅವರ ಮಾತಿಗೆ ನಗುತ್ತಿದ್ದೆ, ಆಮೇಲೆ ಉತ್ತರ ಕೊಡತೊಡಗಿದೆ. ಕೊನೆಕೊನೆಗೆ ಚಹಾ ಮಾಡಿದರೆ ಎರಡು ಕಪ್ಪಿಗೆ ಬಗ್ಗಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮನೆಯೊಡತಿ ಬಾಗಿಲು ಬಡಿದಳು. ಅವಳನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದ ಹಾಗೆ. ಹಿಂದೆ ಸೊಸೆ ಸುನಂದಾ ನಿಂತಿದ್ದಳು.

"ಒಳಗ ಯಾರ ಅದಾರ್ರಿ?"

"ಯಾರೂ ಇಲ್ಲ ಮಾವಶಿ."

"ಯಾರೂ ಇಲ್ಲಂದ್ರ ಎರಡ ಕಪ್ಪ ಚಾ ಯಾಕ? ಆಗಿಂದ ಮಾತ ಕೇಳಸಾಕತ್ತೈತಿ. ನಮಗ ಮರ್ಯಾದಿ ಐತ್ರಿ. ಕೋಲಿ ಖಾಲಿ ಮಾಡ್ರಿ."

ಅವಳು ಬಗ್ಗಿ ಮಂಚದ ಕೆಳಗೆ ನೋಡಿದಳು. ಬೇರೆ ದಾರಿ ಕಾಣದೆ ನಾನು ಫೋನು ತಿರುಗಿಸಿ ತೋರಿಸಿದೆ. ದೊಡ್ಡ ಕಣ್ಣಿನ ನಾಲ್ವರು ಹುಡುಗಿಯರು ಗೆಣಸು ಊದಿಕೊಂಡು ತಿನ್ನುತ್ತಿದ್ದರು. "ಇವರ ಜೊತೆ ಮಾತಾಡ್ತಿದ್ದೆ" ಎಂದೆ. ನನ್ನ ಧ್ವನಿ ನನಗೇ ಅಸಹ್ಯವೆನಿಸಿತು. ಕೋಣೆಯಲ್ಲಿ ಗಂಡಸು ಸಿಕ್ಕಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಮಾವಶಿಯ ಸಿಟ್ಟು ಇಳಿದು ಮುಖದಲ್ಲಿ ಭಯ ಬಂತು.

"ಮಿರಜಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡ ಬರ್ರಿ" ಎಂದು ಮೆಲ್ಲಗೆ ಹೇಳಿ ಹೋದಳು.

ಮರುದಿನ ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದಂತೆ ಸುನಂದಾ ಬಂದಳು. "ಆ ಹುಡುಗ್ಯಾರನ್ನ ನನಗೂ ತೋರಸ್ರಿ" ಎಂದಳು. ನಾನು ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳು ಅನಿಮೆಗಿಂತ ಹೆಚ್ಚಾಗಿ ನನ್ನ ಕನ್ನಡಕ್ಕೆ ನಕ್ಕಳು. ಆಮೇಲೆ ಕೇಳಿದಳು.

"ಇವರಿಗೆ ಮುಂದ ಏನ ಆಕ್ಕೈತ್ರಿ? ಮದಿವಿ?"

"ಇಲ್ಲ."

"ಯಾರರ ಸಾಯ್ತಾರ?"

"ಇಲ್ಲ. ಏನೂ ಆಗಲ್ಲ."

ಅವಳು ಫೋನನ್ನು ತನ್ನತ್ತ ಎಳೆದುಕೊಂಡಳು. "ನಮ್ಮ ತವರೂರ ಮುಗಳಖೋಡದಾಗ ನಾವೂ ನಾಕ ಮಂದಿ ಗೆಳತ್ಯಾರ ಇದ್ವಿ. ಈಗ ಯಾರ ಎಲ್ಲಿ ಅದಾರೋ ಗೊತ್ತಿಲ್ಲ. ಹಿಂಗ ಏನೂ ಆಗಲಾರದ ಇದ್ದಿದ್ರ ಅಷ್ಟ ಸಾಕಿತ್ತ ನೋಡಕ್ಕಾ."

ಅಕ್ಕಾ ಎಂದಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಈ ಚಿತ್ರದಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಿದರೆ ನನ್ನ ಹತ್ತಿರ ಅವಳ ಮಾತಿಗಿಂತ ಒಳ್ಳೆಯ ಉತ್ತರವಿಲ್ಲ.

ಅಂದಿನಿಂದ ಅವಳು ಕೆಲಸ ಮುಗಿಸಿ ದಿನವೂ ಬಂದಳು. ನನಗೆ ರೊಟ್ಟಿ ಬಡಿಯಲು ಕಲಿಸಿದಳು. ನನ್ನ ರಾಗಿಮುದ್ದೆಯನ್ನು ಒಮ್ಮೆ ಬಾಯಿಗಿಟ್ಟು "ಇದನ್ನ ಹೆಂಗ ತಿಂತೀರಿ" ಎಂದಳು. ಮದುವೆಯಾಗಿ ಬಂದು ಮರಾಠಿ ಕಲಿತಿದ್ದ ಅವಳು ಅದನ್ನು ನನಗೂ ಕಲಿಸಿದಳು; ಆ ಮರಾಠಿಯಲ್ಲಿ ನಾನು ಪದ್ಯದ ಅರ್ಥ ಹೇಳಿದಾಗ ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ನಾನು ಬದುಕಿಕೊಂಡೆ ಎಂದುಕೊಂಡೆ.

ಅಷ್ಟರಲ್ಲಿ ಅವಳ ಗಂಡನಿಗೆ ಇಚಲಕರಂಜಿಯ ಮಗ್ಗದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಟ್ರಂಕಿನ ಮೇಲೆ ಕುಳಿತು ನನ್ನ ಕೈ ಬಿಡಲಿಲ್ಲ. "ಅಲ್ಲಿ ನನ್ನ ಕಡೆ ಫೋನೂ ಇಲ್ಲಕ್ಕಾ. ನಾ ಗ್ವಾಡಿ ಜೋಡಿ ಮಾತಾಡಬೇಕ ಈಗ" ಎಂದಳು. ಗೋಡೆಯ ಜೊತೆ ಮಾತಾಡಬೇಕು ಎಂದು. ಆಮೇಲೆ ನಾನು ಆ ಅನಿಮೆ ನೋಡಲಿಲ್ಲ. ಒಮ್ಮೆ ಹಾಕಿದೆ, ಆ ನಗು ಕೇಳಲಾಗದೆ ಆರಿಸಿಬಿಟ್ಟೆ.

ಬೇಸಿಗೆ ರಜೆಗೆ ಊರಿಗೆ ಹೋದೆ. ಚಿಕ್ಕಪ್ಪನ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಜಗಲಿ ತುಂಬ ಹರಟೆ, ನಾನು ವರ್ಷವೆಲ್ಲ ಹಂಬಲಿಸಿದ್ದು ಅದನ್ನೇ. ಸುನಂದಾಳ ವಿಷಯ ತೆಗೆದೆ. "ಯಾರವಳು?" ಎಂದರು. ಓನರ್ ಮನೆ ಸೊಸೆ ಎಂದೆ. ಅವರು ಬೇರೆ ಮಾತಿಗೆ ಹೊರಳಿದರು. ಹರಟೆ ಮುಗಿಯುವ ಮೊದಲೇ ನಾನು ಎದ್ದು ಒಳಗೆ ಹೋದೆ.

ಶಾಲೆ ತೆರೆಯಲು ಇನ್ನೂ ದಿನಗಳಿರುವಾಗಲೇ ಟಿಕೆಟ್ ತೆಗೆಸಿದೆ. ಅವ್ವ ಬಾಗಿಲಿಗೆ ಒರಗಿ ನಿಂತು, "ಇಷ್ಟು ಬೇಗ ಓಡೋಕೆ ಅಲ್ಲಿ ಯಾರವ್ರೆ ನಿಂಗೆ?" ಎಂದಳು.

ಯಾರೂ ಇಲ್ಲವೆಂದು ನನಗೂ ಗೊತ್ತಿತ್ತು. ಬಟ್ಟೆ ಮಡಚುತ್ತಲೇ ಇದ್ದೆ.