ಹಿಮದ ಹಾರ್ನೆಸ್ ತೊಟ್ಟು ನೋಡುವ ದಾನೇಶ್ವರಿ

ಬೆಳಗಿನ ಆರೂಕಾಲು. ಬೊಮ್ಮಸಂದ್ರದ ಕಾರ್ಖಾನೆಯೊಂದರ ಶೀತಲ ಕೊಠಡಿಯಲ್ಲಿ ದಾನೇಶ್ವರಿ ನೆಲದಿಂದ ಮೂರಡಿ ಮೇಲೆ ಹಗ್ಗಕ್ಕೆ ಜೋತು ಕೂತಿದ್ದಾರೆ. ಪ್ಯಾಂಟಿನ ಮೇಲೊಂದು ದಪ್ಪ ಪ್ಯಾಂಟು, ಎರಡು ಸ್ವೆಟರ್, ಜಾಕೆಟ್, ಕೈಗೆ ಗವಸು. ಸೊಂಟ ಮತ್ತು ತೊಡೆಗಳನ್ನು ಬಳಸಿದ ಹಾರ್ನೆಸ್ ಅವರ ಪೂರ್ತಿ ಭಾರ ಹೊತ್ತಿದೆ. ಹೆಪ್ಪುಗಟ್ಟಿದ ಜಲಪಾತ ಹತ್ತುವವರಿಗಾಗಿ ತಯಾರಾದ ಹಾರ್ನೆಸ್ ಅದು. ಹದಿನೈದು ನಿಮಿಷ ಹಾಗೇ ಕೂತಿದ್ದು, ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂದು ಹೇಳುವುದು ಅವರ ಕೆಲಸ.

"ಎಡಗಡೆ ತೊಡಿ ಜುಮ್ ಅನ್ನಾಕ ಹತ್ತೈತಿ, ಬರ್ಕೋರಿ ಸರ," ಎನ್ನುತ್ತಾರೆ. ಗಾಜಿನಾಚೆ ಕೂತ ವಿನ್ಯಾಸಕಾರ ಋಷಿಕೇಶ್ ಬರೆದುಕೊಳ್ಳುತ್ತಾರೆ. ದಿನಕ್ಕೆ ಹೀಗೆ ಎಂಟರಿಂದ ಹತ್ತು ಸಲ.

ನಲವತ್ತೊಂದು ವರ್ಷದ ದಾನೇಶ್ವರಿ ಬಾಗಲಕೋಟೆ ಕಡೆಯವರು, ಈಗ ಚಂದಾಪುರದ ಬಾಡಿಗೆ ಕೋಣೆಯಲ್ಲಿದ್ದಾರೆ. ಕಟ್ಟಡ ಕಾರ್ಮಿಕರ ಸುರಕ್ಷತಾ ಬೆಲ್ಟನ್ನೂ ಪರ್ವತಾರೋಹಿಗಳ ಹಾರ್ನೆಸ್ಸನ್ನೂ ತಯಾರಿಸುವ ಈ ಕಾರ್ಖಾನೆಗೆ ಹನ್ನೊಂದು ವರ್ಷದ ಹಿಂದೆ ಹೊಲಿಗೆಗೆಂದು ಸೇರಿದರು. ಜೋತು ನೋಡುವ ಕೆಲಸ ಹಿಡಿದದ್ದು ಒಡಹುಟ್ಟಿದ ತಮ್ಮ ಈಶಪ್ಪನಿಗೆ ಆದ ಅಪಘಾತದ ನಂತರ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟೊಂದಕ್ಕೆ ಬಣ್ಣ ಬಳಿಯುತ್ತಿದ್ದ ಈಶಪ್ಪ ಏಳನೇ ಮಹಡಿಯಲ್ಲಿ ಕಾಲು ಜಾರಿದ. ಬೇರೆಲ್ಲೋ ತಯಾರಾದ ಬೆಲ್ಟ್ ಅವನನ್ನು ಹಿಡಿಯಿತು. ಮೇಲೆತ್ತಲು ಮಾತ್ರ ಇಪ್ಪತ್ತು ನಿಮಿಷವಾಯಿತು. ಅಷ್ಟರಲ್ಲಿ ಅಳತೆ ಸರಿಯಿಲ್ಲದ ತೊಡೆಪಟ್ಟಿ ರಕ್ತ ಹರಿಯದಂತೆ ಒತ್ತಿ, ಆತ ಪ್ರಜ್ಞೆ ತಪ್ಪಿದ್ದ. ಜೀವ ಉಳಿಯಿತು, ಆದರೆ ಆತ ಮತ್ತೆ ಎತ್ತರಕ್ಕೆ ಹೋಗಲಿಲ್ಲ.

"ಬೆಲ್ಟ್ ಹರೀಲಿಲ್ರೀ. ಎಲ್ಲಾರೂ ಛಲೋ ಬೆಲ್ಟ್ ಅಂದ್ರು. ನಂಗ ಹಂಗ ಅನಸ್ಲಿಲ್ಲ. ಮನಷ್ಯಾ ಅದರಾಗ ಕುಂದ್ರಾಕ ಆಗ್ಬೇಕಲ್ರಿ?" ಎನ್ನುತ್ತಾರೆ ದಾನೇಶ್ವರಿ. ತಾವು ಹೊಲಿದ ಬೆಲ್ಟಿನಲ್ಲಿ ತಾವೇ ಜೋತು ನೋಡುತ್ತೇನೆಂದು ಅವರು ಕೇಳಿಕೊಂಡದ್ದು ಆಗಲೇ.

ಕಳೆದ ನವೆಂಬರ್‌ನಲ್ಲಿ ಹೊಸ ಬಕಲ್ ಹಾಕಿದ ಮುನ್ನೂರ ನಲವತ್ತು ಹಾರ್ನೆಸ್‌ಗಳು ಲಾರಿಗೆ ಸಿದ್ಧವಾಗಿದ್ದವು. ದಾನೇಶ್ವರಿ ಒಂದನ್ನು ನೀರಿನಲ್ಲಿ ಅದ್ದಿ, ಶೀತಲ ಕೊಠಡಿಯಲ್ಲಿ ಸೆಟೆಯಲು ಬಿಟ್ಟು, ಆಮೇಲೆ ತೊಟ್ಟು ಕೂತರು. ಸೊಂಟದ ಪಟ್ಟಿ ಎರಡು ಬೆರಳಿನಷ್ಟು ಜಾರಿತು.

"ಅಕ್ಕ, ಮಷಿನ್ ಪಾಸ್ ಮಾಡಿದೆಯಲ್ಲ," ಎಂದರು ಋಷಿಕೇಶ್.

"ಮಷಿನ್ ಒಣಾ ಬೆಲ್ಟ್ ಎಳದೈತ್ರಿ ಸರ. ನೀವೊಮ್ಮೆ ಕುಂತು ನೋಡ್ರಿ."

ಋಷಿಕೇಶ್ ಕೂತರು. ಆರನೇ ನಿಮಿಷಕ್ಕೆ ಅವರ ಪಟ್ಟಿಯೂ ಸಡಿಲಾಯಿತು. ಬಕಲ್ ಒಳಗೆ ಹಿಮದ ತೆಳುಪದರ ಕಟ್ಟಿಕೊಂಡಿತ್ತು. "ಲಾರಿ ನಿಲ್ಸಿ ಅಂತ ನಾನೇ ಫೋನ್ ಮಾಡ್ದೆ. ಹದಿನೈದು ದಿನ ಮೇಲಿನವರ ಹತ್ರ ಬೈಸ್ಕೊಂಡೆ. ಕೊನೆಗೆ ಬಕಲ್ ಬದಲಾಯ್ತು," ಎಂದು ಅವರು ನೆನೆಯುತ್ತಾರೆ. ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಗಿ ಬಂದ ಹೆಂಗಸರು ದಾನೇಶ್ವರಿಯ ಮೇಲೆ ಮುನಿಸಿಕೊಂಡರು. "ಯಾರೂ ನನ್ ಜೋಡಿ ಊಟಕ್ಕ ಕೂಡ್ತಿರ್ಲಿಲ್ರಿ. ನಂಗೂ ಬ್ಯಾಸರಾತು. ಆದ್ರ ಹೇಳ್ದ ಇರಾಕ ಆಗ್ತಿರ್ಲಿಲ್ಲ."

ಜನವರಿಯಲ್ಲಿ ವೈಟ್‌ಫೀಲ್ಡ್‌ನ ಸುಕೃತಿ ಎಂಬಾಕೆ ಕಾರ್ಖಾನೆಗೇ ಬಂದರು. ಉತ್ತರದ ಬೆಟ್ಟನಾಡು ಸ್ಪಿತಿಯಲ್ಲಿ ಮೊದಲ ಸಲ ಹಿಮ ಹತ್ತಲು ಹೊರಟಿದ್ದ ಅವರು, ಟೀ ಶರ್ಟಿನ ಮೇಲೆ ಚೆನ್ನಾಗಿ ಕೂತ ಹಾರ್ನೆಸ್ ಒಂದನ್ನು ಆರಿಸಿಕೊಂಡರು. "ಅಲ್ಲಿ ಎಷ್ಟ್ ಅಂಗಿ ಹಾಕ್ಕೋತೀರಿ, ಅಷ್ಟೂ ತೊಗೊಂಡ್ ಬರ್ರಿ ಮೇಡಂ," ಎಂದು ದಾನೇಶ್ವರಿ ವಾಪಸ್ ಕಳಿಸಿದರು.

ಮರುದಿನ ಬೆಚ್ಚನೆಯ ಬಟ್ಟೆಗಳನ್ನೆಲ್ಲ ತೊಟ್ಟಾಗ ಆ ಹಾರ್ನೆಸ್‌ನ ತೊಡೆಪಟ್ಟಿ ಮೇಲೇರಲೇ ಇಲ್ಲ. ದಾನೇಶ್ವರಿ ತೊಡೆಪಟ್ಟಿಗೂ ಬಕಲ್ ಇರುವ, ಹಿಗ್ಗಿಸಿ ಕುಗ್ಗಿಸಬಹುದಾದ ಇನ್ನೊಂದನ್ನು ಕೊಟ್ಟರು. ತಲೆಕೆಳಗಾದರೂ ಜಾರದಂತೆ ಸೊಂಟದ ಪಟ್ಟಿಯನ್ನು ಅಲ್ಲಿನ ಮೂಳೆಯ ಮೇಲಕ್ಕೆ ಎಳೆದರು. ಬಿಗಿದ ಮೇಲೆ ಬಕಲ್‌ನಾಚೆ ನಾಲ್ಕು ಬೆರಳು ಪಟ್ಟಿ ಉಳಿದಿದೆಯೇ ನೋಡಿದರು. ಹಿಮಗಡ್ಡೆಯೊಳಕ್ಕೆ ತಿರುಗಿಸಿ ಹಗ್ಗ ಸಿಕ್ಕಿಸುವ ಸ್ಕ್ರೂಗಳನ್ನು ತೂಗುಹಾಕುವ ಜಾಗ ಜಾಕೆಟ್ಟಿನಡಿ ಮುಚ್ಚಿಹೋಗದಂತೆ ಸರಿಪಡಿಸಿದರು. ಗವಸು ತೊಟ್ಟೇ ಹಾರ್ನೆಸ್ಸನ್ನು ಮೂರು ಸಲ ಬಿಚ್ಚಿಸಿ ಹಾಕಿಸಿ, ಹತ್ತು ನಿಮಿಷ ಜೋತು ಕೂರಿಸಿದರು.

ಸ್ಪಿತಿಯಿಂದ ಮರಳಿದ ಸುಕೃತಿ ಫೋನ್ ಮಾಡಿ ಚಳಿ, ಹಿಮ, ಹತ್ತಿದ ಎತ್ತರ ಎಲ್ಲವನ್ನೂ ಹೇಳಿದರಂತೆ.

"ಬೆಲ್ಟ್ ಹೆಂಗಿತ್ರಿ ಅಂತ ನಾನ ಕೇಳಿದ್ನಿ. 'ಅಯ್ಯೋ ಅಕ್ಕ, ಅದಿತ್ತು ಅನ್ನೋದೇ ಮರ್ತೋಗಿತ್ತು' ಅಂದ್ರು." ದಾನೇಶ್ವರಿ ಮುಂದಿನ ಹಾರ್ನೆಸ್‌ಗೆ ಕಾಲು ತೂರಿಸುತ್ತಾರೆ. "ಅದಕ್ಕಿಂತ ಇನ್ನೇನ್ ಬೇಕ್ರಿ ನಂಗ?"