ಮಣ್ಣಿಗೆ ಹಾಕಿದ ಹೆಪ್ಪು

ರಾಮದುರ್ಗದ ನಮ್ಮ ಮನೆಯ ಗೋಡೆಗೆ ಸಿಮೆಂಟು ಬಳಿಸಿದವಳು ನಾನೇ. ಹೊರಗೆ ಕಲ್ಲು, ಒಳಗೆ ಹಸಿ ಇಟ್ಟಿಗೆ, ಎರಡು ಮೊಳ ದಪ್ಪದ ಹಳೆಯ ಗೋಡೆ. ಮಣ್ಣು ಉದುರುವುದು ಬೇಡ, ನಾಲ್ಕು ಜನರಿಗೆ ಚಂದ ಕಾಣಲಿ ಎಂಬ ಹುರುಪು ನನ್ನದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪಡಸಾಲೆಯ ಗೋಡೆ ಉಬ್ಬಿಕೊಂಡಿತು.

ಆರ್‌ಸಿಸಿ ಮನೆಯ ಆಸೆ ಇಟ್ಟುಕೊಂಡಿದ್ದ ನಮ್ಮ ಯಜಮಾನರಿಗೆ ನೆಪ ಸಿಕ್ಕಿತು. "ಮಳಿ ಹಿಡಿಯೂದ್ರಾಗ ಗ್ವಾಡಿ ನೆಟ್ಟಗ ಮಾಡಸು. ಇಲ್ಲಾಂದ್ರ ಕೆಡವಸ್ತೇನಿ" ಎಂದವರೇ ಜೆಸಿಬಿಯವನಿಗೆ ಫೋನು ಮಾಡಿಯೂ ಬಿಟ್ಟರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ತಂಪು ಪಡಸಾಲೆಯಲ್ಲಿ ಮಾತ್ರ.

ಉಗರಗೋಳದಿಂದ ಗೋಡೆ ಕಟ್ಟುವ ಒಬ್ಬ ಹಿರಿಯ ಗವಂಡಿಯನ್ನು ಕರೆಸಿದೆ. ನಾವೆಲ್ಲ ಅವರಿಗೆ ಚಾಚಾ ಎನ್ನುತ್ತಿದ್ದೆವು. ಸಿಮೆಂಟು ಕೆತ್ತಿ ತೆಗೆದು, ಗೋಡೆಯ ಮೇಲೆ ಕೈಯಿಟ್ಟು, "ಪಾಪ, ಉಸರ ಕಟ್ಟಿತ್ರಿ ಇದಕ್ಕ" ಎಂದರು. ಉಬ್ಬಿದ ಇಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕೂರಿಸಿದರು, ಹೊರಗಿನ ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ ತುಂಬಿದರು. ಒಳಗೆ ಬಳಿಯಲು ಹಿತ್ತಲಲ್ಲಿ ತಗ್ಗು ತೋಡಿ ಮಣ್ಣು, ಗೋಧಿ ಹೊಟ್ಟು, ಸಗಣಿ ಕಲಸಿಟ್ಟರು. "ಇದು ಚಲೋತಂಗ ಕೊಳೀಬೇಕ್ರಿ ಅಕ್ಕಾರ. ದಿನಾ ತುಳೀರಿ. ಇಪ್ಪತ್ತ ದಿನಕ್ಕ ಬರತೇನಿ" ಎಂದು ಹೇಳಿ ಹೋದರು.

ವಾರಕ್ಕೆ ನಾತ ಶುರುವಾಯಿತು. ಅಕ್ಕಪಕ್ಕದ ಹೆಂಗಸರು ಮೂಗಿಗೆ ಸೆರಗು ಹಿಡಿದೇ ನನ್ನನ್ನು ಮಾತಾಡಿಸುತ್ತಿದ್ದರು. ಅದೇ ಹೊತ್ತಿಗೆ ನನ್ನ ತಂಗಿಯ ಮಗಳನ್ನು ನೋಡಲು ಬೈಲಹೊಂಗಲದ ಬೀಗರು ನಮ್ಮಲ್ಲಿಗೆ ಬರುವುದು ಗೊತ್ತಾಯಿತು. ಈ ನಾತದಲ್ಲಿ ಅವಲಕ್ಕಿ ಹೇಗೆ ಕೊಡಲಿ? ಎರಡು ಬಾಟಲಿ ಫಿನಾಯಿಲ್ ತಂದು ತಗ್ಗಿಗೆ ಸುರಿದೆ. ನಾತ ಹೋಯಿತು, ಬೀಗರು ಮನೆಯ ಸ್ವಚ್ಛತೆಯನ್ನು ಹೊಗಳಿದರು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಚಾಚಾ ಬಂದರು. ಒಂದು ಹಿಡಿ ಮಣ್ಣು ಮೂಸಿ ನನ್ನ ಮುಖ ನೋಡಿದರು.

"ಇದಕ್ಕ ಏನ ಹಾಕೀರಿ?"

"ಸ್ವಲ್ಪ ಫಿನಾಯಿಲ್, ಚಾಚಾ."

ಅವರು ಅಲ್ಲೇ ಕುಕ್ಕರಿಸಿದರು. "ಕೊಳಸೂ ಹುಳಾ ಎಲ್ಲಾ ಕೊಂದೀರಲ್ರಿ. ಇದನ್ನ ಬಳದ್ರ ವಾರದಾಗ ಬಿರಕ ಬಿಡತೈತಿ." ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನನಗೆ ಅಳು ಬಂತು. ಮಳೆಗೆ ಹೆಚ್ಚೆಂದರೆ ಮೂರು ವಾರವಿತ್ತು.

ಮರುದಿನ ಅವರು ಗಾಡಿಗೆ ಎರಡು ಕೊಡ ಕಟ್ಟಿಕೊಂಡು ಬಂದರು. ಹೂಲಿಯ ಒಂದು ಮನೆಯ ಕೆಲಸಕ್ಕೆ ಕೊಳೆಹಾಕಿದ್ದ ಮಣ್ಣು ಅದು. ಕೆಟ್ಟ ಮಣ್ಣನ್ನು ತಗ್ಗಿನಿಂದ ಎತ್ತಿ ಹಾಕಿ, ಹೊಸದಾಗಿ ಕಲಸಿ, ಕೊಡದ ಮಣ್ಣನ್ನು ಅದಕ್ಕೆ ಬೆರೆಸಿದರು. "ಹಾಲಿಗೆ ಹೆಪ್ಪ ಹಾಕೂದಿಲ್ಲೇನ್ರಿ? ಹಂಗ ಇದು. ಜಲ್ದಿ ಕೊಳೀತೈತಿ, ಆದ್ರ ತುಳಿಯಾಕ ಮಂದಿ ಬೇಕು." ನಾನು ಓಣಿಯ ಮನೆಮನೆಗೆ ಹೋಗಿ ನನ್ನ ಜಾಣತನದ ಕಥೆ ಒಪ್ಪಿಸಿದೆ. ಮೂಗು ಮುಚ್ಚಿದ್ದ ಹೆಂಗಸರೇ ಬಿದ್ದು ಬಿದ್ದು ನಕ್ಕು, ಸೀರೆ ಎತ್ತಿ ಕಟ್ಟಿ ಹೊಸ ಮಣ್ಣಿಗೆ ಇಳಿದರು. ದಿನಾ ಸಂಜೆ ತುಳಿತ, ಚಹಾ, ಚೇಷ್ಟೆ. ಐದನೆಯ ದಿನ ನಾತ ಬಂದಾಗ ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆ.

ಹತ್ತು ದಿನಕ್ಕೆ ಮಣ್ಣು ಬೆಣ್ಣೆಯಾಯಿತು, ಚಾಚಾ ಬಳಿದರು, ಬಿಸಿಲಿಗೆ ಗೋಡೆ ಆರಿತು. ಹಿಂದೆಯೇ ಮಳೆ ಬಂದು ಮೂರು ದಿನ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನರು ಪಡಸಾಲೆಗೆ ಬಂದು ಗೋಡೆಯನ್ನು ಬುಡದಿಂದ ಕೈಗೆಟಕುವವರೆಗೂ ಸವರಿದರು. ಒಂದು ಬಿರುಕಿಲ್ಲ, ತೇವವಿಲ್ಲ. ಅವರು ಫೋನು ತೆಗೆದರು.

"ಜೆಸಿಬಿ ತರಬ್ಯಾಡಪಾ. ನಮ್ಮ ಮನಿ ನಮಗ ಬೇಕಾಗೇತಿ."

ಫೋನಿಟ್ಟು ಗೋಡೆಗೆ ಬೆನ್ನು ಕೊಟ್ಟು ಕುಳಿತು ನಗತೊಡಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸೋತು ಇಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.