ತಂಗಿಯ ಬಾಣಂತನದಲ್ಲಿ ಓದಿದ ಕಥೆ

ಆ ಬರಹ ಕಣ್ಣಿಗೆ ಬಿದ್ದಾಗ ನಾನು ಅಂಗಡಿಯಲ್ಲಿದ್ದೆ. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ರಸ್ತೆಯ ಕನ್ನಡಕದ ಅಂಗಡಿಯೊಂದರಲ್ಲಿ ನನಗೆ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳು ಕಡಿಮೆ. ಎಲ್ಲರ ಹಾಗೆ ನಾನೂ ಆಗ ಫೋನ್ ಹಿಡಿದು ಕೂರುತ್ತೇನೆ. ಕಾಲೇಜಿನಲ್ಲಿ ಜೊತೆಗೆ ಓದಿದವಳೊಬ್ಬಳು ಯಾರೋ ಬರೆದದ್ದನ್ನು ಹಂಚಿಕೊಂಡು, ಮೇಲೆ 'ದಯವಿಟ್ಟು ಪೂರ್ತಿ ಓದಿ' ಎಂದು ಹಾಕಿದ್ದಳು. ಸಾಮಾನ್ಯವಾಗಿ ಅಂಥದ್ದನ್ನು ನಾನು ಪೂರ್ತಿ ಓದುವವಳಲ್ಲ. ಅವತ್ತು ಓದಿದೆ.

ಬರೆದಾಕೆ ತನ್ನ ಹೆಸರು ಹಾಕಿರಲಿಲ್ಲ, ಊರೂ ಹೇಳಿರಲಿಲ್ಲ. ಮೊದಲ ಹೆರಿಗೆಯಾದ ಮೇಲೆ ತನಗೆ ನಿದ್ದೆ ಹೋಯಿತು ಎಂದು ಶುರು ಮಾಡಿದ್ದಳು. ಮಗು ಅಳುತ್ತದೆ ಎಂದಲ್ಲ, ಮಗು ಮಲಗಿದ್ದಾಗಲೂ ಕಣ್ಣು ಮುಚ್ಚುತ್ತಿರಲಿಲ್ಲ. ಆಮೇಲಾಮೇಲೆ ಈ ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಅನ್ನಿಸತೊಡಗಿತು. ಬಾಯಿಬಿಟ್ಟು ಹೇಳಿದಾಗ ಮನೆಯವರು ನಕ್ಕರು, ಆಮೇಲೆ ಬೈದರು, ಆಮೇಲೆ ತಾಯತ ಕಟ್ಟಿಸಿದರು. ಒಂದು ದಿನ ಆಕೆ ಮಗುವನ್ನು ಎತ್ತಿಕೊಂಡು ಮನೆ ಬಿಟ್ಟು ಹೊರಟಳು. ದಾರಿಯಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬಳು ಅವಳನ್ನು ನೋಡಿ, ಏನನ್ನೂ ಕೇಳದೆ ಪಕ್ಕದಲ್ಲಿ ಕೂತುಕೊಂಡಳಂತೆ. 'ಅವಳು ನನ್ನ ಜೊತೆ ವಾದ ಮಾಡಲಿಲ್ಲ. ಅದಕ್ಕೇ ನಾನು ಉಳಿದೆ, ನನ್ನ ಮಗಳು ಉಳಿದಳು' ಎಂದು ಬರೆದಿದ್ದಳು. ಕೊನೆಗೆ, ನಿಮ್ಮ ಮನೆಯ ಬಾಣಂತಿ ಹೀಗೆ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದಿತ್ತು.

ಮೊದಲಿನಿಂದ ಇನ್ನೊಮ್ಮೆ ಓದತೊಡಗಿದೆ. ಅಷ್ಟರಲ್ಲಿ ಫ್ರೇಮ್ ಸಡಿಲವಾಗಿದೆ ಎಂದು ವಯಸ್ಸಾದವರೊಬ್ಬರು ಬಂದರು. ಫೋನ್ ಡ್ರಾಯರಿಗೆ ಹಾಕಿ ಸ್ಕ್ರೂಡ್ರೈವರ್ ತೆಗೆದೆ.

ಅದೇ ವಾರ ಭಾನುವಾರ ಭದ್ರಾವತಿಗೆ ಹೋದೆ. ಓಲ್ಡ್ ಟೌನಿನಲ್ಲಿ ನಮ್ಮ ಅಮ್ಮನ ಮನೆ. ಅಪ್ಪ ನಾವು ಚಿಕ್ಕವರಿರುವಾಗಲೇ ತೀರಿಕೊಂಡರು. ಅಮ್ಮ ಹೊಲಿಗೆ ಹೇಳಿಕೊಟ್ಟು ನನ್ನನ್ನೂ ತಂಗಿಯನ್ನೂ ಬೆಳೆಸಿದವಳು. ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಮಗು. ನಾಮಕರಣ ಇನ್ನೂ ಆಗಿರಲಿಲ್ಲ. ಅವಳ ಗಂಡನಿಗೆ ದಾವಣಗೆರೆಯಲ್ಲಿ ಕೆಲಸ, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ.

ಬಾಗಿಲಲ್ಲೇ ಅಮ್ಮ ಹೇಳಿದಳು, "ಸರಿಯಾಗಿ ನಿದ್ದೆ ಮಾಡ್ತಾ ಇಲ್ಲ ಕಣೇ ಅವಳು. ಎಣ್ಣೆ ನೀರು ಹಾಕಿ ಬೆಚ್ಚಗೆ ಮಲಗಿಸಿದ್ರೂ ಸೂರು ನೋಡ್ತಾ ಬಿದ್ಕೊಂಡಿರ್ತಾಳೆ. ಮೊದಲ್ನೇದಲ್ವಾ, ಸರಿ ಹೋಗತ್ತೆ ಬಿಡು."

ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಇನ್ನೂ ಆರಿರಲಿಲ್ಲ. ತಂಗಿ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಅವಳ ಕಣ್ಣಲ್ಲಿ ಒಂದು ಹೊಳಪಿತ್ತು, ಜ್ವರ ಬಂದವರ ಕಣ್ಣಿನ ಹಾಗೆ. ನಾನು ಮಗುವನ್ನು ನೋಡಲು ಬಗ್ಗಿದೆ. ಅವಳು ನನ್ನ ಮುಂಗೈ ಹಿಡಿದಳು.

"ಅಕ್ಕ, ಬಾಗಿಲು ಹಾಕು."

ಹಾಕಿದೆ.

"ಇದು ನನ್ನ ಮಗು ಅಲ್ಲ. ಯಾರಿಗೂ ಹೇಳ್ಬೇಡ. ಆಸ್ಪತ್ರೇಲೇ ಬದಲಾಯಿಸಿದ್ದಾರೆ."

ಅಂಗಡಿಯಲ್ಲಿ ಕೂತು ಓದಿದ್ದ ಮಾತು, ಹೆಚ್ಚುಕಡಿಮೆ ಅದೇ ಮಾತು, ನನ್ನ ತಂಗಿಯ ಬಾಯಿಂದ ಬರುತ್ತಿತ್ತು. ಅದನ್ನು ಓದಿರದಿದ್ದರೆ ನಾನು ಖಂಡಿತ ನಗುತ್ತಿದ್ದೆ. 'ಹುಚ್ಚಿ, ಮೂಗು ನೋಡು, ನಿಂದೇ ಪಡಿಯಚ್ಚು' ಎಂದು ರೇಗಿಸುತ್ತಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಸ್ವಲ್ಪ ಮಲಗಿರು, ಅಮ್ಮನಿಗೆ ಕಾಫಿ ಮಾಡಕ್ಕೆ ಹೇಳಿ ಬರ್ತೀನಿ" ಎಂದು ಅಡಿಗೆಮನೆಗೆ ಬಂದೆ.

ಅಮ್ಮ ಒಲೆಯ ಮುಂದೆ ಮೆಣಸಿನ ಸಾರು ಕುದಿಸುತ್ತಿದ್ದಳು. ಇವತ್ತೇ ಅವಳನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದೆ.

"ಬಾಣಂತಿನ ಈ ಬಿಸಿಲಲ್ಲಿ ಹೊರಗೆ ಹೊರಡಿಸ್ತೀಯಾ? ತಲೆ ಸರಿ ಇದ್ಯಾ ನಿಂಗೆ?" ಅಮ್ಮ ಸೌಟು ಕೆಳಗಿಟ್ಟಳು. ಆಮೇಲೆ ದನಿ ತಗ್ಗಿಸಿದಳು. "ನಂಗೂ ಗೊತ್ತಾಗಿದೆ. ಸನ್ನಿ ಥರ ಇದೆ. ನಾಳೆ ಭಟ್ಟರ ಹತ್ರ ದಾರ ಮಂತ್ರಿಸಿ ತರ್ತೀನಿ. ತಲೆ ಡಾಕ್ಟರ್ ಹತ್ರ ಹೋದ್ಲು ಅಂತ ಗಂಡನ ಮನೇಲಿ ಗೊತ್ತಾದ್ರೆ ಅವಳ ಬಾಳು ಏನಾಗತ್ತೆ ಹೇಳು?"

ಏನು ಹೇಳಿದರೂ ಅಮ್ಮ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಆ ಬರಹ ಹುಡುಕಿ, ಒಲೆಯ ಪಕ್ಕ ನಿಂತುಕೊಂಡೇ ಓದಿ ಹೇಳಿದೆ. ಮೊದಮೊದಲು ಅಮ್ಮ ಸಾರಿನ ಕಡೆಗೇ ನೋಡುತ್ತಿದ್ದಳು. ಮಗು ಬದಲಾಗಿದೆ ಎನ್ನುವ ಜಾಗ ಬಂದಾಗ ಗ್ಯಾಸ್ ಆರಿಸಿದಳು. ಮನೆ ಬಿಟ್ಟು ಹೊರಟ ಜಾಗ ಬಂದಾಗ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

"ನಮ್ಮ ಚಿಕ್ಕಮ್ಮ," ಎಂದಳು. "ನೀರು ಸೇದಕ್ಕೆ ಹೋಗಿ ಕಾಲು ಜಾರಿ ಬಾವಿಗೆ ಬಿದ್ಲು ಅಂತಾರಲ್ಲ. ಅವಳ ಮಗು ಕೈಗೂಸು ಆಗ. ಅವಳೂ ಹಿಂಗೇ ಮಾತಾಡ್ತಿದ್ಲು. ನಾನು ಸಣ್ಣವಳು, ನಂಗೆ ನೆನಪಿದೆ. ನಂದಲ್ಲ, ನಂದಲ್ಲ ಅಂತ."

ನಮ್ಮ ಮನೆಯಲ್ಲಿ ಆ ಚಿಕ್ಕಮ್ಮನ ವಿಷಯ ಬಂದಾಗೆಲ್ಲ ಕಾಲು ಜಾರಿದ್ದು ಎಂದೇ ಹೇಳುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅವಳ ಭುಜ ಹಿಡಿದು ಎಬ್ಬಿಸಿದೆ. ಇಬ್ಬರೂ ಕೋಣೆಗೆ ಬಂದೆವು.

ಮಂಚ ಖಾಲಿ. ತೊಟ್ಟಿಲು ಖಾಲಿ. ಬೀದಿ ಬಾಗಿಲು ಹಾರುಹೊಡೆದಿತ್ತು.

ಅಮ್ಮ ಕೂಗಿಕೊಂಡದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದೆ. ಎದುರು ಮನೆಯವರು ತಮಿಳಿನವರು, ಯಜಮಾನರು ಆಟೋ ಓಡಿಸುತ್ತಾರೆ. ಅವರ ಹೆಂಡತಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನನ್ನ ಮುಖ ನೋಡಿಯೇ ಮೊರ ಪಕ್ಕಕ್ಕಿಟ್ಟರು. "ಪಾಪು ಎತ್ಕೊಂಡು ಹೊಳೆ ಕಡೆ ಹೋಯ್ತಮ್ಮಾ ಅದು. ಎಲ್ಲಿಗೆ ಅಂತ ಕೇಳ್ದೆ. ಮಾತೇ ಆಡ್ಲಿಲ್ಲ."

ಹೊಳೆಗೆ ನಮ್ಮ ಬೀದಿಯಿಂದ ಹೆಚ್ಚು ದೂರವಿಲ್ಲ. ಚಿಕ್ಕಂದಿನಲ್ಲಿ ನಾನೂ ತಂಗಿಯೂ ಪಂದ್ಯ ಕಟ್ಟಿ ಓಡುತ್ತಿದ್ದ ದಾರಿ ಅದು. ಅವತ್ತು ಎಷ್ಟು ಓಡಿದರೂ ಮುಗಿಯಲೊಲ್ಲದು. ಡಾಂಬರು ಸುಡುತ್ತಿತ್ತು. ಎದುರಿಗೆ ಬಂದವರ ಕೈಯಲ್ಲೆಲ್ಲ ನನ್ನ ಕಣ್ಣು ಮಗುವನ್ನು ಹುಡುಕುತ್ತಿತ್ತು. ಒಬ್ಬಳನ್ನೇ ಬಿಡಬೇಡಿ ಎಂದು ಓದಿಯೂ ನಾನು ಬಿಟ್ಟು ಬಂದಿದ್ದೆ. ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಡ್ಯಾಮಿನಿಂದ ನೀರು ಬಿಟ್ಟಿದ್ದರೋ ಏನೋ, ಹೊಳೆ ಕೆಳಗಿನ ಮೆಟ್ಟಿಲುಗಳನ್ನು ಮುಳುಗಿಸಿಕೊಂಡು ಹರಿಯುತ್ತಿತ್ತು. ಬಟ್ಟೆ ಒಗೆಯುವವರು ಮನೆಗೆ ಹೋಗಿಯಾಗಿತ್ತು. ತಂಗಿ ನೀರಿಗೆ ಹತ್ತಿರದ ಮೆಟ್ಟಿಲ ಮೇಲೆ ಕೂತಿದ್ದಳು. ಪಾದ ನೀರಿನಲ್ಲಿತ್ತು. ಮಗು ಮಡಿಲಲ್ಲಿತ್ತು.

'ಏಯ್' ಎಂದು ಕಿರುಚಬೇಕು, ಓಡಿ ಹೋಗಿ ಮಗುವನ್ನು ಕಿತ್ತುಕೊಳ್ಳಬೇಕು ಎಂದು ಮೈಯ ನರನರವೂ ಹೇಳುತ್ತಿತ್ತು. ನಾನು ಕಿರುಚಿ ಅವಳು ಬೆಚ್ಚಿ ಎದ್ದರೆ? ವಾದ ಮಾಡಲಿಲ್ಲ, ಅದಕ್ಕೇ ಉಳಿದೆ ಎಂದು ಆಕೆ ಬರೆದಿದ್ದಳಲ್ಲ. ಉಸಿರು ಬಿಗಿಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಅವಳ ಪಕ್ಕ ಕೂತೆ. ನನ್ನ ಕಾಲನ್ನೂ ನೀರಿಗೆ ಇಳಿಬಿಟ್ಟೆ.

ಅವಳು ತಿರುಗಿ ನೋಡಲಿಲ್ಲ. "ಇಲ್ಲಿಗೇ ತಂದು ಕೊಡ್ತೀವಿ ಅಂದಿದ್ದಾರೆ," ಎಂದಳು. "ನನ್ನ ಮಗುನ."

ಯಾರು ಎಂದು ಕೇಳಲಿಲ್ಲ. "ಹೂಂ," ಎಂದೆ.

"ಇದನ್ನ ವಾಪಸ್ ಕೊಡ್ಬೇಕಂತೆ."

ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿತ್ತು.

"ನಿಂಗೆ ಹೆದರಿಕೆ ಆಗ್ತಿದ್ಯಾ?" ಎಂದು ಕೇಳಿದೆ.

ಅವಳು ಮಗುವಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ತುಂಬಾ ಅಕ್ಕ."

"ನಂಗೂ ಆಗ್ತಿದೆ ಮಾರಾಯ್ತಿ," ಎಂದೆ. ಅದೊಂದು ಮಾತು ಮಾತ್ರ ನಾನು ಯೋಚಿಸಿ ಆಡಿದ್ದಲ್ಲ. ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. "ನೋಡು, ಬಿಸಿಲು ಜೋರಾಗಿದೆ. ಅವರು ಬರೋವರೆಗೂ ಈ ಮಗುನ ನಾನು ಎತ್ಕೊಂಡಿರ್ತೀನಿ. ನಿನ್ನ ಕೈ ಸೋತಿದೆ. ಕೊಡ್ತೀಯಾ?"

ಅವಳು ಮಗುವನ್ನು ನೋಡಿದಳು, ನೀರು ನೋಡಿದಳು. ನಾನು ಕೈ ಚಾಚಲಿಲ್ಲ. ಚಾಚಿದರೆ ಕಿತ್ತುಕೊಳ್ಳಲು ಬಂದೆ ಎಂದುಕೊಂಡಾಳು ಎಂದು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಕೊನೆಗೆ ಅವಳೇ ಎತ್ತಿ ನನ್ನ ಮಡಿಲಿಗೆ ಹಾಕಿದಳು. ಮಗುವಿನ ಬಿಸಿ ಸೀರೆ ದಾಟಿ ತೊಡೆಗೆ ತಾಗಿತು. ಒಂದು ಕೈಯಲ್ಲಿ ಮಗುವನ್ನು ಎದೆಗೆ ಅವಚಿಕೊಂಡು, ಇನ್ನೊಂದರಲ್ಲಿ ಅವಳ ರಟ್ಟೆ ಹಿಡಿದೆ. ಮೇಲೆ ಎದುರು ಮನೆಯ ಅಣ್ಣ ಆಟೋ ತಂದು ನಿಲ್ಲಿಸಿದ್ದರು. ಅವರ ಹೆಂಡತಿ, ಅಮ್ಮ, ಇಬ್ಬರೂ ಮಾತಿಲ್ಲದೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು.

"ಶಿವಮೊಗ್ಗಕ್ಕೆ ಹೋಗೋಣ. ಅಲ್ಲಿ ನಿದ್ದೆ ಬರೋ ಹಾಗೆ ಮಾಡ್ತಾರೆ," ಎಂದೆ.

"ನಿದ್ದೆ ಬರತ್ತಾ?" ಎಂದು ಕೇಳಿದಳು ಚಿಕ್ಕ ಹುಡುಗಿಯ ಹಾಗೆ.

ಆಟೋದಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ಆ ಕಡೆ ಅಮ್ಮ, ಈ ಕಡೆ ನಾನು. ಎದುರು ಮನೆಯಾಕೆ ಮಗುವನ್ನು ಎತ್ತಿಕೊಂಡು ಮುಂದೆ ಗಂಡನ ಪಕ್ಕ ಒತ್ತಿಕೊಂಡು ಕೂತರು. ಲಾರಿಯೊಂದು ಪಕ್ಕದಲ್ಲಿ ಹಾದಾಗಲೆಲ್ಲ ತಂಗಿಯ ಮೈ ಸೆಟೆಯುತ್ತಿತ್ತು, ನನ್ನ ಹಿಡಿತ ಬಿಗಿಯಾಗುತ್ತಿತ್ತು. ಅವಳ ತೋಳಿನ ಮೇಲೆ ನನ್ನ ಬೆರಳಿನ ಗುರುತು ಮರುದಿನವೂ ಇತ್ತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ತಂಗಿಯನ್ನು ಮಾತಾಡಿಸಿ, ಹೊರಗೆ ಬಂದು ನಮ್ಮನ್ನು ಕೂರಿಸಿಕೊಂಡರು. ಹೆರಿಗೆಯಾದ ಕೆಲವರಿಗೆ ಹೀಗಾಗುತ್ತದೆ, ಇದು ಕಾಯಿಲೆ, ಯಾರ ತಪ್ಪೂ ಅಲ್ಲ, ಗುಣವಾಗುತ್ತದೆ ಎಂದರು. "ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ಹೇಗೆ ಗೊತ್ತಾಯ್ತು ನಿಮಗೆ?" ಎಂದು ಕೇಳಿದರು. ಫೋನ್ ತೋರಿಸಿದೆ. ಅವರು ಕೂತಲ್ಲೇ ಕೊನೆಯವರೆಗೆ ಓದಿದರು.

ತಂಗಿಯ ಗಂಡ ಸಂಜೆಯೊಳಗೆ ಬಂದ. ಅವನ ತಾಯಿ ಫೋನಿನಲ್ಲೇ ನಮ್ಮಮ್ಮನಿಗೆ, ಯಾರಿಗೂ ಹೇಳಬೇಡಿ, ಕಾಮಾಲೆ ಎಂದು ಹೇಳಿ ಎಂದಿದ್ದರಂತೆ. ಅವನಿಗೂ ಆ ಬರಹ ಕಳಿಸಿದ್ದೆ. ಬಸ್ಸಿನಲ್ಲಿ ಓದುತ್ತ ಬಂದಿದ್ದಾನೆ. ನನ್ನ ಎದುರು ನಿಂತು, "ಅತ್ತಿಗೆ, ಹೋದ ಸಲ ಬಂದಾಗ ನಂಗೂ ಹೇಳಿದ್ಲು. ನಾನು ತಮಾಷೆ ಅಂದ್ಕೊಂಡೆ," ಎಂದವನೇ ಮುಖ ತಿರುಗಿಸಿಕೊಂಡ. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವನು ವಾರ್ಡಿನ ಹೊರಗಿನ ಬೆಂಚು ಬಿಟ್ಟು ಹೋಗಲಿಲ್ಲ.

ಗುಣವಾಗುವುದು ನಾನು ಅಂದುಕೊಂಡಷ್ಟು ಬೇಗ ಆಗಲಿಲ್ಲ. ನಿದ್ದೆ ಮೊದಲು ಬಂತು. ಆಮೇಲೆ ಊಟ. ಮಗುವನ್ನು ಮುಟ್ಟಲು ಬಹಳ ದಿನ ಹೆದರುತ್ತಿದ್ದಳು. ಹೆದರುತ್ತಿದ್ದವಳು ಅವಳೊಬ್ಬಳೇ ಅಲ್ಲ. ಅವಳ ಕೈಯಲ್ಲಿ ಮಗು ಇದ್ದಾಗ ನಾನು ತಟ್ಟೆಗೆ ಅನ್ನ ಹಾಕುತ್ತಿದ್ದರೂ ಕಣ್ಣು ಅಲ್ಲೇ. ಅವಳಿಗೆ ಅದು ತಿಳಿಯುತ್ತಿತ್ತು. "ನೋಡ್ಕೋ ಅಕ್ಕ, ಬೇಜಾರಿಲ್ಲ. ನೀನು ನೋಡ್ತಿದ್ರೆ ನಂಗೂ ಧೈರ್ಯ," ಎಂದಳು ಒಮ್ಮೆ.

ಮಗು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಅವಳು ಪೂರಾ ಚೇತರಿಸಿಕೊಂಡಿದ್ದಳು. ಒಂದು ದಿನ, ತಾನೂ ಬರೆಯುತ್ತೇನೆ ಎಂದಳು. ಅಮ್ಮನಿಗೆ ಇಷ್ಟವಿರಲಿಲ್ಲ. ನನಗೂ ಒಳಗೊಳಗೆ ಭಯ. ಅದನ್ನೆಲ್ಲ ಮತ್ತೆ ಕೆದಕಿದರೆ ತಿರುಗಿ ಬಂದೀತೇನೋ ಎಂದು. ಡಾಕ್ಟರನ್ನು ಕೇಳಿ, ಅವರು ಆಗಬಹುದು ಎಂದ ಮೇಲೆ ಅವಳು ಹೆಸರಿಲ್ಲದ ಹೊಸ ಖಾತೆಯೊಂದನ್ನು ತೆರೆದು ಬರೆದಳು. ಹೊಳೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಇಂಥ ತಾಯಂದಿರೂ ಇರುತ್ತಾರಾ ಎಂದು ಯಾರೋ ಕೆಳಗೆ ಬರೆದರು. ಅವಳು ಅದನ್ನು ಓದಿ ಫೋನ್ ಮುಚ್ಚಿಟ್ಟು, ಒಗೆದ ಬಟ್ಟೆ ಹರವಲು ಹೋದಳು. ನಾನು ಅವಳ ಹಿಂದೆಯೇ ಹೋಗಿ ನಿಂತೆ. ಬೈದವರಿಗಿಂತ, ನಮ್ಮ ಮನೆಯಲ್ಲೂ ಹೀಗಾಗಿತ್ತು ಎಂದವರು ಬಹಳ ಜನ ಇದ್ದರು.

ಕೆಲವು ದಿನ ಕಳೆದು ಶಂಕರಘಟ್ಟದ ಕಡೆಯಿಂದ ಒಬ್ಬ ಗಂಡಸಿನ ಮೆಸೇಜು ಬಂತು. ಹೆಂಡತಿ ಬಾಣಂತಿ, ಗೋಡೆಯೊಳಗೆ ಯಾರೋ ಮಾತಾಡುತ್ತಾರೆ ಎನ್ನುತ್ತಾಳೆ, ಮನೆಯವರು ಕೋಣೆಗೆ ಚಿಲಕ ಹಾಕಿದ್ದಾರೆ, ನನಗೆ ಕೈಕಾಲು ಆಡುತ್ತಿಲ್ಲ ಎಂದು. ತಂಗಿ ನನ್ನನ್ನು ಕೇಳಲೂ ಇಲ್ಲ. ನಂಬರು ತೆಗೆದುಕೊಂಡು ಫೋನ್ ಮಾಡಿದಳು.

"ಅಣ್ಣ, ಮೊದಲು ಚಿಲಕ ತೆಗೀರಿ. ಪಕ್ಕದಲ್ಲಿ ಕೂತ್ಕೊಳ್ಳಿ. ಬೈಬೇಡಿ. ಇಲ್ಲ ಅನ್ನಬೇಡಿ. ಗಾಡಿ ಇದ್ಯಾ? ಹಂಗಾದ್ರೆ ಈಗ್ಲೇ ಹೊರಡಿ, ನಾವು ಶಿವಮೊಗ್ಗದ ಆಸ್ಪತ್ರೆ ಹತ್ರ ಇರ್ತೀವಿ."

ಆ ಹುಡುಗಿ ಕಾರಿನಿಂದ ಇಳಿದಳು. ಅದೇ ಹೊಳೆಯುವ ಕಣ್ಣು. ನಾನು ಕಂಬದ ಹಿಂದೆ ಸರಿದು ನಿಂತೆ. ನನ್ನ ತಂಗಿ ಹೋಗಿ ಅವಳ ಕೈ ಹಿಡಿದುಕೊಂಡಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಇಬ್ಬರೂ ನಿಧಾನವಾಗಿ ಒಳಗೆ ನಡೆದರು. ಆ ಹುಡುಗಿಯ ಗಂಡ ಮಗುವನ್ನು ಹೇಗೆ ಹಿಡಿದುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ನಾನು ಹೋಗಿ ಎತ್ತಿಕೊಂಡೆ.